ದನದ ಕಿವಿಗೆ ನಂಬರ್ ಇದೆ, ಮಗುವಿನ ಶುಗರ್‌ಗೆ ಲೆಕ್ಕ ಎಲ್ಲಿದೆ?

ಗುಂಜಹಳ್ಳಿಯ ಯಾವ ಹೊಲದಲ್ಲಿ ಹತ್ತಿ, ಯಾವ ಹೊಲದಲ್ಲಿ ತೊಗರಿ ಅಂತ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಸರ್ವೆ ನಂಬರ್ ಸಮೇತ ಫೋಟೊ ಹಾಕುತ್ತೇವೆ. ದನದ ಕಿವಿಗೆ 12 ಅಂಕಿಯ ಓಲೆ ಹಾಕಿಸುತ್ತೇವೆ. ನಮ್ಮ ಜಿಲ್ಲೆಯಲ್ಲಿ ಎಷ್ಟು ಮಕ್ಕಳು ದಿನಾ ಇನ್ಸುಲಿನ್ ಚುಚ್ಚಿಕೊಂಡು ಬದುಕಿದ್ದಾರೆ? ಆ ಅಂಕಿ ಯಾವ ಪಂಚಾಯಿತಿ ಗೋಡೆಯ ಮೇಲಾದರೂ ನೋಡಿದ್ದೀರಾ? ನಾವಂತೂ ನೋಡಿಲ್ಲ.

"ಸಣ್ಣ ಹುಡುಗರಿಗೆ ಎಲ್ಲಿ ಶುಗರ್ ಬರ್ತದ್ರೀ?" ಅನ್ನುವವರೇ ಹೆಚ್ಚು. ಬರುತ್ತದೆ. ಇದರ ಹೆಸರು ಟೈಪ್ 1. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಕಾವಲು ಪಡೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ತಾಯಿಯ ತಪ್ಪೂ ಅಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಔಷಧಿ ಬಂದು ನೂರು ವರ್ಷ ದಾಟಿತು.

ಈಗ ಈ ಕಾಯಿಲೆಯ ಸಂಶೋಧನೆಯಲ್ಲಿ ಡಾಕ್ಟರ ಜೊತೆ ಡೇಟಾ ವಿಜ್ಞಾನಿಗಳೂ ಕೂತಿದ್ದಾರೆ. ಯಾವ ವಯಸ್ಸಿಗೆ ಬಂತು, ರಕ್ತದಲ್ಲಿ ಏನು ಕಂಡಿತು, ಯಾವ ಜೀನ್ ಇದೆ ಎಂದು ಸಾವಿರಾರು ಮಕ್ಕಳ ದಾಖಲೆ ಜೋಡಿಸಿ, ಮುಂದೆ ಯಾರಿಗೆ ಬರಬಹುದು ಎಂದು ಹುಡುಕುವುದು ಅವರ ಕೆಲಸ. ಒಳ್ಳೆಯ ಕೆಲಸವೇ. ಆದರೆ ದಾಖಲೆಯಲ್ಲಿ ಇಲ್ಲದ ಮಗು ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ.

ಪುಣೆಯ ಕೆಇಎಂ, ಹೈದರಾಬಾದಿನ ಸಿಸಿಎಂಬಿ, ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು ಸೇರಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯುರೋಪಿನ ಜನರ ಜೀನ್‌ಗಳಿಂದ ಮಾಡಿದ ಲೆಕ್ಕ ಭಾರತೀಯರಿಗೂ ಕೆಲಸ ಮಾಡುತ್ತದೆ, ಆದರೆ ಇಲ್ಲಿ ಕೆಲವು ವ್ಯತ್ಯಾಸಗಳಿವೆ ಎಂದು ಗೊತ್ತಾಯಿತು. ಹೇಗೆ ಗೊತ್ತಾಯಿತು? ಪುಣೆಯಲ್ಲಿ ದಾಖಲೆ ಇಟ್ಟಿದ್ದರು, ಅದಕ್ಕೆ.

"ಇದು ಅಪರೂಪದ ಕಾಯಿಲೆ, ನಾಲ್ಕು ಮಕ್ಕಳಿಗಾಗಿ ಇಷ್ಟೆಲ್ಲ ಯಾಕೆ?" ಎನ್ನುವವರಿಗೆ ನಮ್ಮ ಉತ್ತರ ಇದು. ಕರ್ನಾಟಕದಲ್ಲಿ 1995ರಿಂದ 13 ವರ್ಷ ಇಟ್ಟ ನೋಂದಣಿಯ ಪ್ರಕಾರ ವರ್ಷಕ್ಕೆ ಲಕ್ಷಕ್ಕೆ ಸುಮಾರು ನಾಲ್ಕು ಮಕ್ಕಳಿಗೆ ಹೊಸದಾಗಿ ಬರುತ್ತದೆ. 2011ರಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 19 ಲಕ್ಷ ದಾಟಿತ್ತು. ಮಕ್ಕಳು ಐದು ಲಕ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 20 ಮಕ್ಕಳು, ಹತ್ತು ವರ್ಷಕ್ಕೆ 200. ಅವರೆಲ್ಲ ಎಲ್ಲಿ? ಆಸ್ಪತ್ರೆ ಮುಟ್ಟಿ, ಕಾಯಿಲೆ ಇದೇ ಎಂದು ತಿಳಿದವರು ಮಾತ್ರ ಪಟ್ಟಿಗೆ ಬರುತ್ತಾರೆ. "ವಾಂತಿ ಜ್ವರ" ಎಂದು ಮಣ್ಣಾದ ಮಗು ಬರುವುದಿಲ್ಲ. ಆಮೇಲೆ ಅದೇ ಪಟ್ಟಿ ನೋಡಿ "ಹಳ್ಳಿಗಳಲ್ಲಿ ಕಡಿಮೆ" ಎಂದರೆ ನಾವು ಒಪ್ಪಬೇಕೇ?

2018ರಲ್ಲಿ ರಾಯಚೂರನ್ನು ಮಹತ್ವಾಕಾಂಕ್ಷಿ ಜಿಲ್ಲೆ ಎಂದು ಸಾರಿ 49 ಸೂಚಕ ಎಣಿಸಲು ಹೊರಟರು. ಬಾಣಂತಿ, ಲಸಿಕೆ, ಕ್ಷಯ ಅದರಲ್ಲಿವೆ, ಇರಲೇಬೇಕು. ಮಗುವಿನ ಶುಗರ್ ಇಲ್ಲ. ಪಕ್ಕದ ಕೇರಳ ಇಂಥ ಮಕ್ಕಳಿಗೆಂದೇ 'ಮಿಠಾಯಿ' ಯೋಜನೆ ಮಾಡಿದೆ. ನಮಗೇಕೆ ಇಲ್ಲ?

ನಾವು ಕೇಳುವುದು ಮೂರೇ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೊರಗಿದ, ವಾಂತಿ ಮಾಡುವ ಮಗುವಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬೆರಳಿನ ಒಂದು ಹನಿ ರಕ್ತ ಪರೀಕ್ಷಿಸಿ. ಕಾಯಿಲೆ ಕಂಡರೆ ತಂದೆ ತಾಯಿಯ ಒಪ್ಪಿಗೆ ಪಡೆದು, ಹೆಸರು ಬಯಲಾಗದಂತೆ ಜಿಲ್ಲಾ ಪಟ್ಟಿಯಲ್ಲಿ ಬರೆಯಿರಿ. ಬರೆದ ಮಗುವಿಗೆ ಇನ್ಸುಲಿನ್, ಸೂಜಿ, ಪರೀಕ್ಷೆ ಪಟ್ಟಿ ತಪ್ಪದೆ ಕೊಡಿ. ಕೊಡದೆ ಬರೀ ಮಾಹಿತಿ ಒಯ್ಯುವುದಾದರೆ ಬರಲೇಬೇಡಿ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲಿ ಮಗು ಪದೇ ಪದೇ ನೀರು ಕುಡಿಯುತ್ತಿದ್ದರೆ, ರಾತ್ರಿ ಎದ್ದು ಎದ್ದು ಮೂತ್ರಕ್ಕೆ ಹೋಗುತ್ತಿದ್ದರೆ, ಉಂಡರೂ ಸಣ್ಣಗಾಗುತ್ತಿದ್ದರೆ ಅಂತ್ರ ಕಟ್ಟಿಸುತ್ತ ಕೂರಬೇಡಿ. ಅವತ್ತೇ ಆಸ್ಪತ್ರೆಗೆ ಕರೆದೊಯ್ದು "ಶುಗರ್ ನೋಡ್ರಿ" ಎಂದು ಬಾಯಿ ಬಿಟ್ಟು ಕೇಳಿ.