ನಾವಿಕನಿಗೆ ಹೆಸರಿಲ್ಲವೇ?

ಶನಿವಾರ ಸ್ಪ್ಲಿಟ್ ಬಂದರಿನಲ್ಲಿ ಬಾಡಿಗೆಯ ಯಾಟ್ ಹತ್ತುವುದು. ಬ್ರಾಚ್, ಹ್ವಾರ್, ವಿಸ್, ಕೋರ್ಚುಲಾ ಎಂದು ದ್ವೀಪಗಳನ್ನು ಮುಟ್ಟುತ್ತ ಹೋಗಿ, ಮುಂದಿನ ಶನಿವಾರ ನೌಕೆ ಒಪ್ಪಿಸಿ ವಿಮಾನ ಹಿಡಿಯುವುದು. ಕ್ರೊಯೇಶಿಯಾದ ಡಾಲ್ಮೇಶಿಯಾ ಕರಾವಳಿಯ ಈ ವಾರದ ವಿಹಾರಕ್ಕೆ ಒಂದು ಸಿದ್ಧ ಅಚ್ಚಿದೆ. ಅದರ ಬೆನ್ನಿಗೇ ಹುಟ್ಟುವ ಪ್ರವಾಸ ಕಥನಕ್ಕೂ ಒಂದು ಅಚ್ಚಿದೆ: ನೀಲಿ ನೀರು, ಕೆಂಡದ ಮೇಲೆ ಸುಟ್ಟ ಮೀನು, ವೈನ್, ಸೂರ್ಯಾಸ್ತ. ನೌಕೆ ನಡೆಸಿದವನು ‘ನಮ್ಮ ಸ್ಕಿಪ್ಪರ್’ ಎಂದಷ್ಟೇ ಬಂದು ಹೋಗುತ್ತಾನೆ. ಮೀನು ಹಿಡಿದವನಂತೂ ಬರುವುದೇ ಇಲ್ಲ. ಇಂಥದ್ದನ್ನು ಸಾಹಿತ್ಯವೆಂದು ಒಪ್ಪಿಕೊಳ್ಳಲು ನನಗೆ ತಕರಾರಿದೆ. ಅದಕ್ಕೆ ಬೇಕಾದ ಸಾಕ್ಷಿ ಅದೇ ಕಡಲಿನಲ್ಲಿದೆ.

ಹ್ವಾರ್ ದ್ವೀಪದ ಸ್ತಾರಿ ಗ್ರಾದ್ ಊರಿನ ಪೇತರ್ ಹೆಕ್ಟೊರೊವಿಚ್ (1487–1572) ಸಿರಿವಂತ ಮನೆತನದ ಕವಿ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಇಬ್ಬರು ಬೆಸ್ತರ ಜೊತೆ ಮೂರು ದಿನ ದೋಣಿಯಲ್ಲಿ ಸುತ್ತಾಡಿ ಬಂದು, ಆ ಪ್ರಯಾಣವನ್ನು ಪದ್ಯದಲ್ಲಿ ಪತ್ರವಾಗಿ ಬರೆದ. ‘ಮೀನುಗಾರಿಕೆ ಮತ್ತು ಬೆಸ್ತರ ಮಾತುಕತೆ’ ಎಂಬ ಅರ್ಥದ ಹೆಸರಿನ ಆ ಕೃತಿ 1568ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಬೆಸ್ತರಿಗೆ ಹೆಸರಿದೆ: ಪಾಸ್ಕೊಯೆ ಮತ್ತು ನಿಕೊಲಾ. ಅವರು ಬಲೆ ಬೀಸುತ್ತಾರೆ, ಒಗಟು ಕೇಳುತ್ತಾರೆ, ಜಾಣ ಮಾತಾಡುತ್ತಾರೆ, ಹಾಡುತ್ತಾರೆ. ಹೆಕ್ಟೊರೊವಿಚ್ ಆ ಹಾಡುಗಳ ಮಾತನ್ನಷ್ಟೇ ಅಲ್ಲ, ರಾಗವನ್ನೂ ಸ್ವರಲಿಪಿಯಲ್ಲಿ ದಾಖಲಿಸಿದ. ದಕ್ಷಿಣ ಸ್ಲಾವ್ ಜನಪದ ಹಾಡುಗಳ ಅತಿ ಹಳೆಯ ದಾಖಲೆಗಳಲ್ಲಿ ಅವೂ ಸೇರಿವೆ.

ಈತನೇನು ಬಡವರ ಬಂಧುವಾಗಿ ಹುಟ್ಟಿದವನಲ್ಲ. 1510ರಲ್ಲಿ ಹ್ವಾರ್‌ನ ಸಾಮಾನ್ಯ ಜನ ಶ್ರೀಮಂತ ಮನೆತನಗಳ ವಿರುದ್ಧ ದಂಗೆಯೆದ್ದಾಗ ಇವನಿಗೆ ಇಪ್ಪತ್ತರ ಹರೆಯ. ದಂಗೆ ಎದುರಿಸಿದ್ದು ಇವನದೇ ವರ್ಗ. ಆದ್ದರಿಂದ ಯಾಟ್ ಹತ್ತುವವರಲ್ಲಿ ಹಣವಿದೆ, ಬಿಡುವಿದೆ ಎಂಬುದು ನನ್ನ ದೂರಲ್ಲ. ಅವೆಲ್ಲ ಹೆಕ್ಟೊರೊವಿಚ್‌ಗೂ ಇದ್ದವು. ಆದರೆ ಹುಟ್ಟು ಹಾಕುವವನ ಮಾತು ಬರೆದಿಡಲು ಯೋಗ್ಯವೆಂದು ಅವನಿಗೆ ತೋಚಿತು. ನಮ್ಮ ಪ್ರವಾಸಿ ಲೇಖಕರಿಗೆ ತೋಚುತ್ತಿಲ್ಲ.

ಕೇಳುವ ಕಿವಿಯಿಲ್ಲದಿದ್ದರೆ ಕಣ್ಣೂ ಮೋಸಹೋಗುತ್ತದೆ. ‘ಯಾರೂ ಮುಟ್ಟದ ದ್ವೀಪ’ ಎಂದು ವಿಸ್ ದ್ವೀಪವನ್ನು ಕೊಂಡಾಡುವುದುಂಟು. ಅದು ಹಾಗೆ ಉಳಿದದ್ದು ಪ್ರಕೃತಿಯ ಕೃಪೆಯಿಂದಲ್ಲ. ಎರಡನೇ ಮಹಾಯುದ್ಧದ ನಂತರ ಅದು ಯುಗೊಸ್ಲಾವಿಯಾದ ಸೇನಾನೆಲೆ. 1989ರವರೆಗೆ ವಿದೇಶಿಯರಿಗೆ ಪ್ರವೇಶವೇ ಇರಲಿಲ್ಲ. ಗುಡ್ಡದ ಮೇಲೆ ಸಾಲುಸಾಲಾಗಿ ಕಾಣುವ ಪಾಳು ಕಲ್ಲುಗೋಡೆಗಳನ್ನು ‘ಮೌನದ ಸೌಂದರ್ಯ’ ಎನ್ನುತ್ತಾರೆ. ಅವು ಒಂದು ಕಾಲದ ದ್ರಾಕ್ಷಿ ತೋಟಗಳ ಅಂಚುಗಳು. 19ನೇ ಶತಮಾನದ ಕೊನೆಯ ಹೊತ್ತಿಗೆ ಬಂದ ಫಿಲೊಕ್ಸೆರಾ ಎಂಬ ಕೀಟ ಬಳ್ಳಿಗಳ ಬೇರನ್ನೇ ತಿಂದಿತು. ಬದುಕು ಕೆಟ್ಟ ದ್ವೀಪವಾಸಿಗಳು ಚಿಲಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಗುಳೆ ಹೋದರು. ಆ ಮೌನ ಊರು ಬಿಟ್ಟವರದು.

ಎಲ್ಲವೂ ಪಾಳಲ್ಲ. ಸ್ತಾರಿ ಗ್ರಾದ್ ಬಯಲನ್ನು ಕ್ರಿ.ಪೂ. 4ನೇ ಶತಮಾನದಲ್ಲಿ ಪಾರೋಸ್ ದ್ವೀಪದಿಂದ ಬಂದ ಗ್ರೀಕರು ಅಳೆದು, ಕಲ್ಲುಗೋಡೆ ಕಟ್ಟಿ ಹಂಚಿಕೊಂಡರು. 2008ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಇವತ್ತಿಗೂ ದ್ರಾಕ್ಷಿ, ಆಲಿವ್ ಬೆಳೆಯುತ್ತಾರೆ. ಅಂದರೆ ಕಥನಕಾರ ಹೊಗಳಿದ ವೈನ್‌ಗೆ ಒಬ್ಬ ರೈತನಿದ್ದಾನೆ. ಅವನನ್ನು ಮಾತಾಡಿಸಲು ಬಂದರಿನಿಂದ ಸ್ವಲ್ಪ ನಡೆದರೆ ಸಾಕು.

‘ರಜೆಗೆ ಹೋದವರ ತಲೆಯ ಮೇಲೆ ಚರಿತ್ರೆಯ ಮೂಟೆ ಯಾಕೆ?’ ಎಂದು ಕೇಳುವವರಿದ್ದಾರೆ. ರಜೆ ಅವರದು, ಹೇಗೆ ಬೇಕಾದರೂ ಕಳೆಯಲಿ. ಬರೆದು ಅಚ್ಚಿಗೆ ಕೊಟ್ಟ ಮೇಲೆ ಓದುಗರಾದ ನಮಗೂ ಕೇಳುವ ಹಕ್ಕಿದೆ. ‘ಒಂದು ವಾರದಲ್ಲಿ ಏನು ತಿಳಿಯುತ್ತದೆ?’ ಎಂಬ ನೆಪವೂ ನಿಲ್ಲುವುದಿಲ್ಲ. ಹೆಕ್ಟೊರೊವಿಚ್‌ಗೆ ಸಿಕ್ಕಿದ್ದು ಮೂರೇ ದಿನ. ಭಾಷೆ ಬಾರದು ಎನ್ನುವುದು ನಿಜವಾದ ಅಡ್ಡಿಯೇ. ಆದರೆ ಹೆಸರು ಕೇಳಲು ಎಷ್ಟು ಭಾಷೆ ಬೇಕು?

ಮುಂದಿನ ಸಲ ಪ್ರವಾಸ ಕಥನವೊಂದು ಕೈಗೆ ಬಂದಾಗ ಪೆನ್ಸಿಲ್ ಹಿಡಿದು ಎಣಿಸಿ ನೋಡಿ: ಅದರಲ್ಲಿ ತಿಂಡಿಗಳ ಹೆಸರು ಎಷ್ಟು, ಅಲ್ಲಿನ ಮನುಷ್ಯರ ಹೆಸರು ಎಷ್ಟು?