ಬಿಸಿಲಿಲ್ಲದ ಮನೆಗೊಂದು ಹೂಗಿಡ

ಮುಂಬಯಿಯ ಫ್ಲ್ಯಾಟಿನಲ್ಲಿ ಮಲ್ಲಿಗೆ ಬೆಳೆಸುವ ಆಸೆ ನಮ್ಮವರಲ್ಲಿ ಅನೇಕರಿಗೆ. ಆದರೆ ಮಲ್ಲಿಗೆಗೆ ದಿನಕ್ಕೆ 5-6 ಗಂಟೆ ನೇರ ಬಿಸಿಲು ಬೇಕು. ಎದುರು ಕಟ್ಟಡದ ಗೋಡೆಯನ್ನೇ ನೋಡುವ ನಮ್ಮ ಕಿಟಕಿಗೆ ಅದು ಎಲ್ಲಿಂದ ಬರಬೇಕು? ಅಂಥ ಮನೆಗೆ ನಾನು ಹೇಳುವುದು ಆಂಥೂರಿಯಂ. ಮಲೆನಾಡು, ಕೊಡಗಿನ ಕಡೆಯವರು ಇದನ್ನು ಜಗಲಿಯಂಚಿನ ಕುಂಡಗಳಲ್ಲಿ ನೋಡಿಯೇ ಇರುತ್ತೀರಿ.

ಇದರ ತವರು ಕೊಲಂಬಿಯಾ, ಈಕ್ವೆಡಾರ್‌ಗಳ ಮಳೆಕಾಡು. ಅಲ್ಲಿ ಮರಗಳಿಗೆ ಬೇರು ಹಬ್ಬಿಸಿ, ಎಲೆಗಳ ನಡುವೆ ಸೋಸಿ ಬರುವ ಬೆಳಕಿನಲ್ಲಿ ಬದುಕುತ್ತದೆ. ಇಷ್ಟು ನೆನಪಿಟ್ಟರೆ ಆರೈಕೆ ಸುಲಭ. ಬೇರಿಗೆ ಗಾಳಿ ಬೇಕು, ಆದ್ದರಿಂದ ಬರೀ ಮಣ್ಣು ತುಂಬದೆ ತೆಂಗಿನ ಸಿಪ್ಪೆ, ಇದ್ದಿಲು, ಇಟ್ಟಿಗೆ ಚೂರು ಸೇರಿಸಿ. ಮೇಲಿನ ಒಂದಿಂಚು ಒಣಗಿದ ಮೇಲಷ್ಟೇ ನೀರು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ನರ್ಸರಿಯವರು ‘ನೆರಳಿನ ಗಿಡ’ ಎನ್ನುತ್ತಾರೆ. ಆ ಮಾತು ನಂಬಿ ಟಿವಿ ಪಕ್ಕದ ಮೂಲೆಗಿಟ್ಟರೆ ಗಿಡ ಬದುಕುತ್ತದೆ, ಹೂ ಬಿಡುವುದಿಲ್ಲ. ಹೂವಿಗೆ ಬೆಳಕೇ ಮುಖ್ಯ, ಗೊಬ್ಬರ ಆಮೇಲೆ. ಹಗಲಲ್ಲಿ ಗಿಡದ ಮೇಲೆ ಕೈ ಹಿಡಿದರೆ ಮಸುಕಾದ ನೆರಳಾದರೂ ಬೀಳಬೇಕು. ಪೂರ್ವದ ಕಿಟಕಿ ಉತ್ತಮ, ಮಧ್ಯಾಹ್ನದ ಬಿಸಿಲು ಮಾತ್ರ ಎಲೆ ಸುಡುತ್ತದೆ.

ಕೆಂಪಗೆ ಹೊಳೆಯುವುದು ದಳವಲ್ಲ, ರೂಪ ಬದಲಿಸಿದ ಎಲೆ. ನಿಜವಾದ ಪುಟ್ಟ ಹೂಗಳಿರುವುದು ನಡುವಿನ ಕಡ್ಡಿಯ ಮೇಲೆ. ಒಮ್ಮೆ ಅರಳಿದರೆ ವಾರಗಟ್ಟಲೆ ನಿಲ್ಲುತ್ತದೆ.

ಮುಂಬಯಿ, ಚೆನ್ನೈಗಳ ತೇವದ ಗಾಳಿ ಇದಕ್ಕೆ ಹಿತ. ಪುಣೆ, ಹೈದರಾಬಾದಿನವರು ಬೇಸಿಗೆಯಲ್ಲಿ ಕೂಲರ್, ಎಸಿ ಗಾಳಿ ನೇರ ತಾಗದಂತೆ ನೋಡಿಕೊಳ್ಳಿ. ದೆಹಲಿಯವರು ಚಳಿಗಾಲದ ರಾತ್ರಿ ಕಿಟಕಿ ಗಾಜಿನಿಂದ ದೂರ ಸರಿಸಿ, ನೀರು ಕಡಿಮೆ ಮಾಡಿ. ಇದರ ಎಲೆ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಪುಟ್ಟ ಮಕ್ಕಳು, ಬೆಕ್ಕುಗಳ ಕೈಗೆ ಸಿಗದಂತಿರಲಿ.

ನನ್ನ ತಾಯಿ ಊರ ಮನೆಗೆ ಬೀಗ ಹಾಕಿ ನಮ್ಮ ನಾಲ್ಕನೇ ಮಹಡಿಗೆ ಬಂದು 3 ವರ್ಷವಾಯಿತು. ಅಂಗಳವಿಲ್ಲ, ಹಿತ್ತಲಿಲ್ಲ, ಬೆಳಿಗ್ಗೆ ಎದ್ದು ಮಾಡಲು ಕೆಲಸವಿಲ್ಲ ಎಂಬುದೇ ಅವರ ಕೊರಗಾಗಿತ್ತು. ಈಗ ಕುಂಡಕ್ಕೆ ಬೆರಳಿಟ್ಟು ತೇವ ನೋಡುವುದು, ಒದ್ದೆ ಬಟ್ಟೆಯಲ್ಲಿ ಎಲೆಯ ಧೂಳು ಒರೆಸುವುದು ಅವರದೇ ಕೆಲಸ. ಅವರನ್ನು ಕೇಳದೆ ನಾವು ಯಾರೂ ನೀರು ಹಾಕುವಂತಿಲ್ಲ.

ಬಾಡಿಗೆಯ 11 ತಿಂಗಳ ಕರಾರು ಮುಗಿಯುತ್ತ ಬಂದಿದೆ. ಹೊಸ ಮನೆ ಹುಡುಕುತ್ತಿದ್ದೇವೆ. ಮನೆಯ ಸುದ್ದಿ ತಂದಾಗಲೆಲ್ಲ ಅಮ್ಮ ಮೊದಲು ಕೇಳುವುದು, “ಪೂರ್ವಕ್ಕೆ ಕಿಟಕಿ ಇದೆಯಾ?”