ಗುಂಡು ತಪ್ಪಿದ್ದರೆ?

ಸಂಜೆ ದಾದರಿನ ನೂಕುನುಗ್ಗಲಿನಲ್ಲಿ ಗಾಡಿ ಕಾಯುವಾಗಲೆಲ್ಲ ನಮಗೊಂದು ಹುಚ್ಚು ಯೋಚನೆ: ಊರು ಬಿಡದೆ ಇದ್ದಿದ್ದರೆ? ಈ ‘ದ್ದರೆ’ಯನ್ನೇ ಹಿಡಿದು ಕಥೆ ಕಟ್ಟಿದವರು ಖಗೋಳ ವಿಜ್ಞಾನಿ ಜಯಂತ ನಾರಳೀಕರರು (1938–2025).

ಅವರ ಮರಾಠಿ ಕಥೆಯ ಇಂಗ್ಲಿಷ್ ರೂಪ ‘ದಿ ಅಡ್ವೆಂಚರ್’. 1761ರ ಪಾಣಿಪತ್ತಿನಲ್ಲಿ ವಿಶ್ವಾಸರಾಯರನ್ನು ಕೊಂದ ಗುಂಡು, ಇಲ್ಲಿ ಕಿವಿ ಸವರಿಕೊಂಡು ಹೋಗುತ್ತದೆ. ಮರಾಠರು ಗೆಲ್ಲುತ್ತಾರೆ. ಪುಣೆಯ ಗಂಗಾಧರಪಂತರು ಮುಂಬಯಿಗೆ ಬಂದಿಳಿದರೆ, ಇನ್ನೂ ಈಸ್ಟ್ ಇಂಡಿಯಾ ಕಂಪೆನಿಯ ಕಾರುಬಾರು! ಎಳ್ಳಷ್ಟು ಕಾರಣ, ಬೆಟ್ಟದಷ್ಟು ಕಾರ್ಯ. ಕಂಡ ಬೀದಿಯನ್ನೇ ಕಾಣದ ಊರಾಗಿಸುವ ಈ ಜಾಣ್ಮೆ ಲೇಖಕರ ಬಲ.

ಕೊರತೆಯೂ ಉಂಟು. ಪಂತರು ಮಗನನ್ನು ಹುಡುಕಿಕೊಂಡು ಅವನ ಕಚೇರಿಗೆ ಹೋಗುತ್ತಾರೆ. ಆ ಹೆಸರಿನವರು ಅಲ್ಲಿ ಯಾರೂ ಇಲ್ಲ. ತಂದೆಯ ಎದೆ ಝಲ್ಲೆನ್ನಬೇಕಾದ ಗಳಿಗೆ! ಅದನ್ನು ಕೆಲವೇ ಸಾಲುಗಳಲ್ಲಿ ದಾಟಿಸಿ, ಕೊನೆಗೆ ಭೌತಶಾಸ್ತ್ರದ ಪಾಠಕ್ಕೆ ಮಾತ್ರ ಧಾರಾಳವಾಗಿ ಜಾಗ ಕೊಟ್ಟಿದ್ದಾರೆ. ಲೆಕ್ಕ ಸರಿಯಾಗಿದೆ, ಕಣ್ಣೀರು ಕಡಿಮೆ.

ಆದರೂ ಓದಿ, ಮಕ್ಕಳಿಗೆ ಹೇಳಿ. ನಾವು ಹೇಳಿದ ರಾತ್ರಿ ಮಗಳು ಕೇಳಿದಳು: “ಅಪ್ಪಾ, ನೀವು ಊರಲ್ಲೇ ಇದ್ದಿದ್ದರೆ ನಾನೆಲ್ಲಿರುತ್ತಿದ್ದೆ?”

ಅಂದಿನಿಂದ ದಾದರಿನಲ್ಲಿ ಆ ಯೋಚನೆ ಮಾಡುವುದನ್ನು ಬಿಟ್ಟಿದ್ದೇವೆ.